ಪಾದದ ಉರಿಯೂ ‘ವಿಷ ತೆಗೆಯುವ’ ಗುಳಿಗೆಯೂ

ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ತಾಲ್ಲೂಕುಗಳಿಂದ ಚಿಕಿತ್ಸೆಗೆಂದು ಬರುವ ಮಧುಮೇಹಿಗಳು ತಮ್ಮ ಔಷಧದ ಚೀಲವನ್ನು ಮೇಜಿನ ಮೇಲೆ ಬಿಚ್ಚಿದಾಗ, ಸಕ್ಕರೆಯ ಮಾತ್ರೆ, ರಕ್ತದೊತ್ತಡದ ಮಾತ್ರೆಗಳ ನಡುವೆ ಈಚೆಗೆ ಇನ್ನೊಂದು ಹೆಸರು ಮೇಲಿಂದ ಮೇಲೆ ಕಾಣಸಿಗುತ್ತದೆ. ಅದು ಆಲ್ಫಾ ಲಿಪೊಯಿಕ್ ಆಮ್ಲ. ಕೆಲವರಿಗೆ ಅದನ್ನು ವೈದ್ಯರು ‘ನರದ ಗುಳಿಗೆ’ ಎಂದು ಬರೆದುಕೊಟ್ಟಿರುತ್ತಾರೆ. ಇನ್ನು ಕೆಲವರಿಗೆ ನೆಂಟರ ಮೂಲಕವೋ ಸ್ವಸಹಾಯ ಸಂಘದ ಗೆಳತಿಯ ಮೂಲಕವೋ ಸರಪಳಿ ಮಾರಾಟದ ಡಬ್ಬಿಯಾಗಿ ಬಂದಿರುತ್ತದೆ. ಡಬ್ಬಿಯ ಮೇಲೆ ‘ಆಂಟಿಆಕ್ಸಿಡೆಂಟ್’, ‘ಡಿಟಾಕ್ಸ್’ ಎಂಬ ಮಾತುಗಳು ಹೊಳೆಯುತ್ತಿರುತ್ತವೆ. ಮೈಯೊಳಗಿನ ವಿಷವೆಲ್ಲ ಹೊರಗೆ ಹೋಗುತ್ತದೆ, ಕಾಲಿನ ಉರಿ ತಾನಾಗಿಯೇ ನಿಲ್ಲುತ್ತದೆ ಎಂಬುದು ಮಾರುವವರ ಭರವಸೆ.

ಮೊದಲನೆಯ ಬಳಕೆಗೆ ಅಲ್ಪಸ್ವಲ್ಪ ಆಧಾರವಿದೆ; ಎರಡನೆಯದಕ್ಕೆ ಇಲ್ಲ. ಇದಕ್ಕಿಂತಲೂ ಮುಖ್ಯವಾದ ಸಂಗತಿಯೊಂದಿದೆ. ಗುಳಿಗೆ ಯಾವ ದಾರಿಯಿಂದ ಬಂದರೂ, ಅದನ್ನು ಬಾಯಿಗೆ ಹಾಕಿಕೊಳ್ಳುವ ಮೊದಲು ಆಗಲೇಬೇಕಾದ ಒಂದು ರಕ್ತಪರೀಕ್ಷೆ ಮತ್ತು ಒಂದು ಪಾದಪರೀಕ್ಷೆ ನಮ್ಮ ಸಸ್ಯಾಹಾರಿ ಮನೆಗಳಲ್ಲಿ ಬಿಟ್ಟುಹೋಗುತ್ತಿವೆ. ನನ್ನ ಆತಂಕವೆಲ್ಲ ಅಲ್ಲಿಯೇ ಇದೆ.

ಆಯುರ್ವೇದ ವೈದ್ಯನೊಬ್ಬ ಇಂಗ್ಲಿಷ್ ಮಾತ್ರೆಯನ್ನು ಹಳಿದು ತನ್ನ ಕಷಾಯಕ್ಕೆ ದಾರಿ ಮಾಡಿಕೊಳ್ಳುತ್ತಿದ್ದಾನೆ ಎಂದು ಓದುಗರು ಭಾವಿಸಬಾರದು. ಈ ವಸ್ತುವನ್ನು ನಾನು ಹಳಿಯುತ್ತಿಲ್ಲ. ಲಿಪೊಯಿಕ್ ಆಮ್ಲ ನಮ್ಮ ದೇಹವೇ ತಯಾರಿಸಿಕೊಳ್ಳುವ ಪದಾರ್ಥ. ನಾವು ಉಂಡ ಅನ್ನ, ಮುದ್ದೆ, ರೊಟ್ಟಿಗಳ ಪಿಷ್ಟವನ್ನು ಜೀವಕೋಶಗಳು ಶಕ್ತಿಯಾಗಿ ಮಾರ್ಪಡಿಸುವ ಕಾರ್ಯದಲ್ಲಿ ಅದು ಕೆಲವು ಕಿಣ್ವಗಳಿಗೆ ಅಂಟಿಕೊಂಡಿದ್ದು ನೆರವಾಗುತ್ತದೆ. ನೀರಿನಲ್ಲಿಯೂ ಕೊಬ್ಬಿನಲ್ಲಿಯೂ ಕೆಲಸ ಮಾಡಬಲ್ಲುದು ಎಂಬ ಕಾರಣಕ್ಕೆ ವಿಜ್ಞಾನಿಗಳ ಕುತೂಹಲವನ್ನು ಸೆಳೆಯಿತು. 1951ರಲ್ಲಿ ಅಮೆರಿಕದ ಲೆಸ್ಟರ್ ರೀಡ್ ಮತ್ತು ಅವರ ಸಂಗಡಿಗರು ಇದನ್ನು ಮೊದಲ ಬಾರಿಗೆ ಹರಳಿನ ರೂಪದಲ್ಲಿ ಬೇರ್ಪಡಿಸಿದಾಗ, ಸುಮಾರು 10 ಟನ್ ಪ್ರಾಣಿಯಕೃತ್ತಿನ ಶೇಷದಿಂದ ಅವರಿಗೆ ದೊರೆತದ್ದು ಕೇವಲ 30 ಮಿಲಿಗ್ರಾಂ. ಸೊಪ್ಪು ತರಕಾರಿಗಳಲ್ಲಿ ಇದು ಹೇರಳವಾಗಿದೆ ಎಂದು ಡಬ್ಬಿ ಮಾರುವವರು ಹೇಳಿದರೆ ಈ ಲೆಕ್ಕವನ್ನು ನೆನೆಯಬೇಕು. ಆಹಾರದಲ್ಲಿ ಇರುವುದು ಅತ್ಯಲ್ಪ. ಗುಳಿಗೆಯಲ್ಲಿ ಇರುವುದು ಕಾರ್ಖಾನೆಯಲ್ಲಿ ರಾಸಾಯನಿಕವಾಗಿ ತಯಾರಾದದ್ದು. ಅದರಲ್ಲಿ ತಪ್ಪೇನೂ ಇಲ್ಲ. ಆದರೆ ಅದಕ್ಕೆ ‘ನೈಸರ್ಗಿಕ’ ಎಂಬ ಎಲೆಯ ಚಿತ್ರವನ್ನು ಅಂಟಿಸುವುದು ಸರಿಯಲ್ಲ.

ನರದ ತೊಂದರೆಗೆ ಇದರ ಬಳಕೆ ಬಹುಮಟ್ಟಿಗೆ ಬೆಳೆದದ್ದು ಜರ್ಮನಿಯಲ್ಲಿ. ಅಲ್ಲಿ ಮಧುಮೇಹದಿಂದ ಬರುವ ಕಾಲುರಿ, ಜೋಮು, ಚುಚ್ಚುವಿಕೆಗಳಿಗೆ ಇದು ದಶಕಗಳಿಂದ ಔಷಧವಾಗಿಯೇ ಚಾಲ್ತಿಯಲ್ಲಿದೆ. 2006ರಲ್ಲಿ ಪ್ರಕಟವಾದ ಐದು ವಾರಗಳ ಅಧ್ಯಯನವೊಂದರಲ್ಲಿ ದಿನಕ್ಕೆ 600 ಮಿಲಿಗ್ರಾಂ ಸೇವಿಸಿದ ಮಧುಮೇಹಿಗಳಿಗೆ ಉರಿ, ನೋವುಗಳು ಕಡಿಮೆಯಾದುವು. 1200, 1800 ಮಿಲಿಗ್ರಾಂಗೆ ಏರಿಸಿದಾಗ ಹೆಚ್ಚಿನ ಗುಣವೇನೂ ಕಾಣಲಿಲ್ಲ, ಓಕರಿಕೆ ಮಾತ್ರ ಹೆಚ್ಚಿತು. 2011ರಲ್ಲಿ ಪ್ರಕಟವಾದ, 460 ರೋಗಿಗಳನ್ನು ನಾಲ್ಕು ವರ್ಷ ಗಮನಿಸಿದ ಅಧ್ಯಯನದಲ್ಲಿ ಮುಖ್ಯವಾಗಿ ನಿರೀಕ್ಷಿಸಿದ್ದ ಫಲ ಸಿದ್ಧಿಸಲಿಲ್ಲ. ಕೆಲವು ಉಪಲಕ್ಷಣಗಳಲ್ಲಿ ಮಾತ್ರ ಸುಧಾರಣೆ ಕಂಡಿತು. 2024ರಲ್ಲಿ ಕಾಕ್ರೇನ್ ಸಂಸ್ಥೆಯವರು ದೀರ್ಘಾವಧಿಯ ಅಧ್ಯಯನಗಳನ್ನೆಲ್ಲ ಒಟ್ಟಿಗೆ ತೂಗಿ ನೋಡಿದಾಗ, ಆರು ತಿಂಗಳ ಕೊನೆಗೆ ನರದ ಲಕ್ಷಣಗಳ ಮೇಲೆ ಇದರ ಪರಿಣಾಮ ಬಹುಶಃ ತೀರ ಅಲ್ಪ, ಇಲ್ಲವೆ ಇಲ್ಲವೇ ಇಲ್ಲ ಎಂಬ ನಿರ್ಣಯಕ್ಕೆ ಬಂದರು. ಹೀಗಾಗಿ, ವೈದ್ಯರು ನೋಡಿ, ನೋವು ಬಹಳವಿರುವ ರೋಗಿಗೆ ಕೆಲವು ವಾರ ಕೊಟ್ಟು ನೋಡುವುದನ್ನು ನಾನು ಆಕ್ಷೇಪಿಸುವುದಿಲ್ಲ. ಗುಣ ಕಾಣದಿದ್ದರೆ ನಿಲ್ಲಿಸಬೇಕು. ಅಷ್ಟಕ್ಕೆ ಅದರ ಯೋಗ್ಯತೆ ಮುಗಿಯಿತು.

ಇಲ್ಲೊಂದು ವಿಚಿತ್ರವನ್ನು ಓದುಗರು ತಮ್ಮ ಮನೆಯ ಮಾತ್ರೆಯ ಪಟ್ಟಿಯನ್ನು ತಿರುವಿ ನೋಡಿಯೇ ಕಂಡುಕೊಳ್ಳಬಹುದು. ನಮ್ಮ ಔಷಧ ಅಂಗಡಿಗಳಲ್ಲಿ ದೊರೆಯುವ ‘ನರದ ಗುಳಿಗೆ’ಗಳಲ್ಲಿ ಸಾಮಾನ್ಯವಾಗಿ ಆಲ್ಫಾ ಲಿಪೊಯಿಕ್ ಆಮ್ಲ 100 ಮಿಲಿಗ್ರಾಂ ಮಾತ್ರ ಇರುತ್ತದೆ; ಜೊತೆಗೆ ಮೀಥೈಲ್‌ಕೋಬಾಲಮಿನ್ ಎಂಬ ಬಿ12 ಜೀವಸತ್ವವೂ ಮತ್ತೊಂದೆರಡು ಬಿ ಗುಂಪಿನ ಜೀವಸತ್ವಗಳೂ ಸೇರಿರುತ್ತವೆ. ಅಧ್ಯಯನಗಳಲ್ಲಿ ಕೊಟ್ಟ ಪ್ರಮಾಣದ ಆರನೆಯ ಒಂದು ಭಾಗವನ್ನು ಸೇವಿಸಿ ಅಧ್ಯಯನದ ಫಲವನ್ನು ನಿರೀಕ್ಷಿಸುವುದು ಹೇಗೆ? ಆದರೂ ಈ ಗುಳಿಗೆ ತೆಗೆದುಕೊಂಡು “ನನಗೆ ಗುಣವಾಯಿತು ಡಾಕ್ಟ್ರೇ” ಎನ್ನುವವರು ಇದ್ದಾರೆ, ಅವರು ಸುಳ್ಳು ಹೇಳುತ್ತಿಲ್ಲ. ಅವರಲ್ಲಿ ಅನೇಕರಿಗೆ ಗುಣ ಕೊಟ್ಟದ್ದು ಜೊತೆಯಲ್ಲಿದ್ದ ಬಿ12 ಎಂಬುದು ನನ್ನ ಅಭಿಪ್ರಾಯ.

ಬಿ12 ಜೀವಸತ್ವ ಸಸ್ಯಾಹಾರದಲ್ಲಿ ಇಲ್ಲವೆಂದೇ ಹೇಳಬೇಕು. ರಾಗಿ, ಜೋಳ, ಬೇಳೆ, ನುಗ್ಗೆಸೊಪ್ಪು, ದಂಟಿನಸೊಪ್ಪು ಇವೆಲ್ಲ ಉತ್ತಮ ಆಹಾರಗಳೇ, ಆದರೆ ಇದೊಂದನ್ನು ಅವು ಕೊಡಲಾರವು. ಲಿಂಗವಂತ ಮನೆಗಳಿಗೆ ಅದರ ಏಕೈಕ ಮೂಲ ಹಾಲು, ಮೊಸರು, ಮಜ್ಜಿಗೆ. ಹಿಂದೆ ಹಟ್ಟಿಯ ಹಾಲು ಮನೆಯ ಮಕ್ಕಳಿಗೂ ಮುದುಕರಿಗೂ ಸಂದು, ಮಿಕ್ಕದ್ದು ಹೆಪ್ಪಿಗೆ ಹೋಗುತ್ತಿತ್ತು. ಈಗ ಬೆಳಗಿನ ಹಾಲು ಡೇರಿಯ ಕ್ಯಾನಿಗೆ ಹೋಗುತ್ತದೆ, ಚಹಾಕ್ಕೆ ಒಂದು ಲೋಟ ಉಳಿದರೆ ಹೆಚ್ಚು. ವಯಸ್ಸಾದಂತೆ ಜಠರದ ಶಕ್ತಿ ತಗ್ಗಿ ಇದ್ದ ಬಿ12 ಸಹ ಸರಿಯಾಗಿ ಹೀರಲ್ಪಡುವುದಿಲ್ಲ. ಇದರ ಮೇಲೆ ಮೆಟ್‌ಫಾರ್ಮಿನ್. ಮಧುಮೇಹಕ್ಕೆ ಸರ್ಕಾರಿ ಆಸ್ಪತ್ರೆಯಿಂದ ಹಿಡಿದು ಎಲ್ಲೆಡೆಯೂ ಮೊದಲು ಕೊಡುವ, ಅಗ್ಗವೂ ವಿಶ್ವಾಸಾರ್ಹವೂ ಆದ ಮಾತ್ರೆ ಅದು. ವರ್ಷಗಟ್ಟಲೆ ಸೇವಿಸಿದಾಗ ಅದು ಬಿ12 ಹೀರಿಕೆಯನ್ನು ಕುಗ್ಗಿಸುತ್ತದೆ. ಬ್ರಿಟನ್ನಿನ ಔಷಧ ನಿಯಂತ್ರಣ ಸಂಸ್ಥೆ 2022ರಲ್ಲಿ ಈ ಬಗೆಗೆ ವೈದ್ಯರಿಗೆ ಎಚ್ಚರಿಕೆಯನ್ನೇ ನೀಡಿತು. ಮೆಟ್‌ಫಾರ್ಮಿನ್ ಸೇವಿಸುವವರಲ್ಲಿ ಕೊರತೆಯ ಲಕ್ಷಣ ಕಂಡರೆ ಬಿ12 ಪರೀಕ್ಷಿಸಬೇಕೆಂದು ತಿಳಿಸಿತು. ಅಲ್ಲಿಯವರು ಮಾಂಸಾಹಾರಿಗಳು. ಹತ್ತು ವರ್ಷದಿಂದ ಮೆಟ್‌ಫಾರ್ಮಿನ್ ಸೇವಿಸುತ್ತಿರುವ, ಅರವತ್ತು ದಾಟಿದ, ಹುಟ್ಟಿದಾರಭ್ಯ ಸಸ್ಯಾಹಾರಿಯಾದ ನಮ್ಮ ನ್ಯಾಮತಿಯ ತಾಯಿಗೆ ಈ ಎಚ್ಚರಿಕೆ ಇನ್ನೂ ಹೆಚ್ಚು ಸಲ್ಲುತ್ತದೆ.

ಬಿ12 ಕೊರತೆಯ ಲಕ್ಷಣಗಳೇನು? ಪಾದದಲ್ಲಿ ಉರಿ, ಜೋಮು, ಮರಗಟ್ಟುವಿಕೆ, ಕತ್ತಲಲ್ಲಿ ನಡೆಯುವಾಗ ತೂರಾಟ, ನಾಲಿಗೆಯ ಉರಿ, ಮರೆವು, ನಿತ್ರಾಣ. ಮಧುಮೇಹದ ನರದೌರ್ಬಲ್ಯದ ಲಕ್ಷಣಗಳೂ ಬಹುಪಾಲು ಇವೇ. ಎರಡನ್ನೂ ಬೇರ್ಪಡಿಸಲು ಕಣ್ಣಂದಾಜು ಸಾಲದು, ರಕ್ತಪರೀಕ್ಷೆ ಬೇಕು. ಬಿ12 ಕೊರತೆ ಬೇಗನೆ ಪತ್ತೆಯಾದರೆ ಸೂಜಿಮದ್ದಿನಿಂದಲೋ ಹೆಚ್ಚು ಪ್ರಮಾಣದ ಮಾತ್ರೆಯಿಂದಲೋ ಗುಣವಾಗುತ್ತದೆ. ತಡವಾದರೆ ನರಕ್ಕಾದ ಹಾನಿ ಶಾಶ್ವತವಾಗಿ ಉಳಿಯಬಹುದು. ಆರೇಳು ತಿಂಗಳು ‘ಡಿಟಾಕ್ಸ್’ ಡಬ್ಬಿಯನ್ನು ನಂಬಿ ಕುಳಿತವರು ಕಳೆದುಕೊಳ್ಳುವುದು ಹಣವನ್ನಷ್ಟೇ ಅಲ್ಲ, ಗುಣವಾಗುವ ಕಾಲವನ್ನು.

ಇನ್ನೊಂದು ಸೂಕ್ಷ್ಮವಿದೆ. ಬಿ12 ಸೇರಿದ ನರದ ಗುಳಿಗೆಯನ್ನು ಆರಂಭಿಸಿದ ಮೇಲೆ ರಕ್ತ ಪರೀಕ್ಷಿಸಿದರೆ ಅದರ ಮಟ್ಟ ಮೇಲೇರಿರುತ್ತದೆ, ಮೊದಲಿದ್ದ ಕೊರತೆ ಕಾಣಿಸದೆ ಹೋಗುತ್ತದೆ. ಆದುದರಿಂದ ಪರೀಕ್ಷೆ ಮೊದಲು, ಗುಳಿಗೆ ಆಮೇಲೆ. ಕಾಲುರಿಗೆ ಥೈರಾಯಿಡ್ ದೋಷ, ಮೂತ್ರಪಿಂಡದ ಕಾಯಿಲೆ, ಮದ್ಯಪಾನ, ಕುಷ್ಠರೋಗ ಇವೂ ಕಾರಣವಾಗಬಲ್ಲವು ಎಂಬುದನ್ನು ವೈದ್ಯರು ಮನಸ್ಸಿನಲ್ಲಿಟ್ಟುಕೊಂಡೇ ನೋಡುತ್ತಾರೆ.

ಈಗ ‘ವಿಷ’ದ ವಿಚಾರಕ್ಕೆ ಬರೋಣ. ಯಾವ ವಿಷ, ಅದು ರಕ್ತದಲ್ಲಿ ಎಷ್ಟಿತ್ತು, ಗುಳಿಗೆ ಸೇವಿಸಿದ ಮೇಲೆ ಎಷ್ಟಾಯಿತು ಎಂಬ ಮೂರು ಪ್ರಶ್ನೆಗಳನ್ನು ಮಾರುವವರಿಗೆ ಕೇಳಿ ನೋಡಬೇಕು. ಉತ್ತರ ಬರುವುದಿಲ್ಲ. ಈಚೆಗೆ ಹಳ್ಳಿಗಳಲ್ಲಿ ನಡೆಯುವ ‘ಉಚಿತ ತಪಾಸಣೆ’ಗಳಲ್ಲಿ ಕೈಗೊಂದು ಲೋಹದ ಕಡ್ಡಿಯನ್ನು ಹಿಡಿಸಿ, ಒಂದೆರಡು ನಿಮಿಷದಲ್ಲಿ ಹಲವಾರು ಪುಟಗಳ ವರದಿಯನ್ನು ಕಂಪ್ಯೂಟರಿನಿಂದ ತೆಗೆದುಕೊಟ್ಟು, ‘ಭಾರಲೋಹ ಹೆಚ್ಚಿದೆ, ವಿಷಾಂಶ ಹೆಚ್ಚಿದೆ’ ಎಂದು ಹೇಳುತ್ತಾರೆ. ಒಂದು ಹನಿ ರಕ್ತವನ್ನೂ ಒಂದು ಹನಿ ಮೂತ್ರವನ್ನೂ ತೆಗೆಯದೆ ಸೀಸ, ಪಾದರಸಗಳನ್ನು ಅಳೆಯುವ ಯಂತ್ರ ಲೋಕದಲ್ಲಿಲ್ಲ. ಆ ವರದಿಯ ಕಾಗದಕ್ಕೆ ಕಾಗದದ ಬೆಲೆಯಷ್ಟೇ.

ಲಿಪೊಯಿಕ್ ಆಮ್ಲಕ್ಕೆ ‘ವಿಷಹಾರಿ’ ಎಂಬ ಹೆಸರು ಹೇಗೆ ಅಂಟಿತು ಎಂಬುದಕ್ಕೂ ಒಂದು ಕಥೆಯಿದೆ. 1960 ಮತ್ತು 70ರ ದಶಕಗಳಲ್ಲಿ ಯುರೋಪ್ ಮತ್ತು ಅಮೆರಿಕಗಳಲ್ಲಿ ವಿಷದ ಅಣಬೆ ತಿಂದು ಯಕೃತ್ತು ಕೆಟ್ಟವರಿಗೆ ಕೆಲವು ವೈದ್ಯರು ಇದನ್ನು ರಕ್ತನಾಳದ ಮೂಲಕ ಕೊಟ್ಟು ನೋಡಿದರು. ಕೆಲವರು ಬದುಕಿದರು, ಆದರೆ ಬದುಕಿಸಿದ್ದು ಇದೇ ಎಂದು ಸಿದ್ಧವಾಗಲಿಲ್ಲ, ಮುಂದೆ ಬೇರೆ ಔಷಧಗಳು ಅದರ ಸ್ಥಾನಕ್ಕೆ ಬಂದುವು. ಪ್ರನಾಳದಲ್ಲಿ ಇದು ಕೆಲವು ಲೋಹಗಳನ್ನು ಹಿಡಿದುಕೊಳ್ಳುತ್ತದೆ ಎಂಬುದು ನಿಜ. ಪ್ರನಾಳದಲ್ಲಿ ನಡೆದದ್ದು ಮನುಷ್ಯನ ಮೈಯಲ್ಲಿ ನಡೆಯಲೇಬೇಕೆಂದಿಲ್ಲ. ನುಂಗಿದ ಗುಳಿಗೆಯಲ್ಲಿ ಸ್ವಲ್ಪ ಭಾಗ ಮಾತ್ರ ರಕ್ತಕ್ಕೆ ಸೇರಿ, ಅದೂ ಒಂದೆರಡು ಗಂಟೆಗಳಲ್ಲಿ ಬಹುತೇಕ ಕರಗಿಹೋಗುತ್ತದೆ.

‘ಡಿಟಾಕ್ಸ್’ ಎಂಬುದನ್ನು ಆಯುರ್ವೇದದ ‘ಆಮ’, ‘ಶೋಧನ’ಗಳೊಂದಿಗೆ ಸಮೀಕರಿಸಿ ಮಾತನಾಡುವವರನ್ನು ಕಂಡರೆ ನನಗೆ ಹೆಚ್ಚು ಬೇಸರವಾಗುತ್ತದೆ. ಆಮವೆಂದರೆ ಅಗ್ನಿಮಾಂದ್ಯದಿಂದ ಪಕ್ವವಾಗದೆ ಉಳಿದದ್ದು. ಹೊರಗಿನಿಂದ ಬಂದು ಸೇರಿಕೊಂಡ ವಿಷವಲ್ಲ. ಶೋಧನಕ್ಕೆ ಸ್ನೇಹನ, ಸ್ವೇದನ, ಬಲಾಬಲ ಪರೀಕ್ಷೆ, ಸಂಸರ್ಜನ ಕ್ರಮ ಎಂಬ ಕಟ್ಟುನಿಟ್ಟಿನ ವಿಧಿಯಿದೆ. ದುರ್ಬಲರಿಗೂ ವೃದ್ಧರಿಗೂ ಬೇಕಾಬಿಟ್ಟಿಯಾಗಿ ಮಾಡುವಂಥದ್ದಲ್ಲ. ಕೈಕಾಲುಗಳ ಉರಿ ಮತ್ತು ಮರಗಟ್ಟುವಿಕೆಯನ್ನು ಚರಕ ಸಂಹಿತೆಯ ನಿದಾನಸ್ಥಾನವು ಪ್ರಮೇಹದ ಪೂರ್ವರೂಪಗಳಲ್ಲಿಯೇ ಎಣಿಸಿದೆ. ಅಂದರೆ ಉರಿಯನ್ನು ಕಂಡ ಕೂಡಲೇ ಪ್ರಮೇಹವನ್ನು ಹುಡುಕು ಎಂಬುದು ಆಚಾರ್ಯರ ಸೂಚನೆ. ಕಾಲುರಿಯೆಂದು ಬಂದವರಿಗೆ ಸಕ್ಕರೆ ಪರೀಕ್ಷೆಯನ್ನೇ ಮಾಡಿಸದೆ ಡಬ್ಬಿ ಮಾರುವುದು ಯಾವ ಶಾಸ್ತ್ರಕ್ಕೂ ಒಪ್ಪುವಂಥದ್ದಲ್ಲ. ನಮ್ಮ ಕಡೆಯವರೂ ಕೆಲವರು ‘ರಕ್ತಶುದ್ಧಿ’ಯ ಹೆಸರಿನಲ್ಲಿ ಇದೇ ವ್ಯಾಪಾರಕ್ಕೆ ಇಳಿದಿದ್ದಾರೆ, ಅವರಿಗೂ ಈ ಮಾತು ಅನ್ವಯಿಸುತ್ತದೆ.

ಆಂಟಿಆಕ್ಸಿಡೆಂಟ್ ಎಂದರೆ ಎಷ್ಟು ಸೇವಿಸಿದರೂ ಒಳ್ಳೆಯದು ಎಂಬ ನಂಬಿಕೆಯೂ ಬೇರೂರಿದೆ. 1994ರಲ್ಲಿ ಫಿನ್ಲೆಂಡಿನಲ್ಲಿ 29,133 ಮಂದಿ ಧೂಮಪಾನಿ ಪುರುಷರ ಮೇಲೆ ನಡೆದ ಅಧ್ಯಯನದ ಫಲ ಪ್ರಕಟವಾಯಿತು. ಗಜ್ಜರಿಗೆ ಬಣ್ಣ ಕೊಡುವ ಬೀಟಾ ಕ್ಯಾರೊಟಿನ್ ಎಂಬ ಆಂಟಿಆಕ್ಸಿಡೆಂಟನ್ನು ಗುಳಿಗೆಯಾಗಿ ಕೊಟ್ಟರೆ ಶ್ವಾಸಕೋಶದ ಕ್ಯಾನ್ಸರ್ ತಗ್ಗೀತೆಂದು ಅವರು ಎಣಿಸಿದ್ದರು. ಗುಳಿಗೆ ಸೇವಿಸಿದವರಲ್ಲಿ ಅದು ಶೇಕಡಾ 18ರಷ್ಟು ಹೆಚ್ಚಿತು. ಗಜ್ಜರಿ ತಿಂದವರಿಗೆ ಹೀಗಾಗುವುದಿಲ್ಲ. ಆಹಾರದಲ್ಲಿ ಹಿತವಾದದ್ದು ಗುಳಿಗೆಯಲ್ಲಿಯೂ ಹಿತವೆಂದು ಊಹಿಸುವಂತಿಲ್ಲ ಎಂಬುದು ಆ ದೊಡ್ಡ ಪರೀಕ್ಷೆಯಿಂದ ಜಗತ್ತಿಗೆ ತಿಳಿಯಿತು.

ನಮ್ಮ ಸೀಮೆಯಲ್ಲಿ ನಿಜವಾದ ವಿಷಗಳಿಲ್ಲವೆ? ಇವೆ. ಚನ್ನಗಿರಿಯಲ್ಲಿ ಅದನ್ನು ಹೇಳುವುದು ಕಷ್ಟ, ಏಕೆಂದರೆ ಅಡಿಕೆ ಅಲ್ಲಿನ ಅನ್ನ. ಆದರೂ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗವು 2004ರಲ್ಲಿ ಪ್ರಕಟಿಸಿದ ವರದಿಯಲ್ಲಿ ತಂಬಾಕು ಸೇರದ ಅಡಿಕೆಯನ್ನೂ ಕ್ಯಾನ್ಸರ್‌ಕಾರಕಗಳ ಸಾಲಿನಲ್ಲಿ ಸೇರಿಸಿದೆ. ಸದಾ ಅಡಿಕೆ, ಗುಟ್ಕಾ ಅಗಿಯುವವರಿಗೆ ಒಳಗೆನ್ನೆ ಬಿಗಿದು ಬಾಯಿ ತೆರೆಯಲಾಗದ ಕಾಯಿಲೆ ಬರುತ್ತದೆ. ಅದಕ್ಕೂ ಈ ಲಿಪೊಯಿಕ್ ಆಮ್ಲವನ್ನು ಕೆಲವು ದಂತವೈದ್ಯರು ಇತರ ಚಿಕಿತ್ಸೆಯ ಜೊತೆಗೆ ಕೊಟ್ಟು ನೋಡಿದ್ದಾರೆ, ಅಧ್ಯಯನಗಳು ಸಣ್ಣವು. ಅಗಿಯುವುದನ್ನು ಬಿಡದೆ ಗುಳಿಗೆ ನುಂಗುವುದು ತೂತು ಬಿದ್ದ ಕೊಡಕ್ಕೆ ನೀರು ಸುರಿದಂತೆ. ಜಗಳೂರಿನ ಕಡೆ ಆಳದ ಕೊಳವೆಬಾವಿಯ ನೀರಿನಲ್ಲಿ ಫ್ಲೋರೈಡ್ ಇದೆ. ಕುಡಿಯುವ ನೀರಿನಲ್ಲಿ ಅದು ಲೀಟರಿಗೆ 1 ಮಿಲಿಗ್ರಾಂ ಒಳಗಿರಬೇಕು, ಬೇರೆ ನೀರಿಲ್ಲದಿದ್ದರೆ 1.5ರವರೆಗೆ ಸಹಿಸಬಹುದು ಎಂಬುದು ಭಾರತೀಯ ಮಾನಕ. ನೀರನ್ನು ಕುದಿಸಿದರೆ ಫ್ಲೋರೈಡ್ ಹೋಗುವುದಿಲ್ಲ, ಯಾವ ಗುಳಿಗೆಯೂ ಅದನ್ನು ಮೂಳೆಯಿಂದ ಕಿತ್ತು ತೆಗೆಯುವುದಿಲ್ಲ. ಊರಿನ ಶುದ್ಧ ನೀರಿನ ಘಟಕ ಕೆಟ್ಟು ನಿಂತಿದ್ದರೆ ಪಂಚಾಯಿತಿಯ ಮುಂದೆ ಹೋಗಿ ಕೂರುವುದೇ ಅಲ್ಲಿಯ ‘ಡಿಟಾಕ್ಸ್’. ಹೊನ್ನಾಳಿಯ ಭತ್ತದ ಗದ್ದೆಗಳಲ್ಲಿ ಬರಿಗೈಯಲ್ಲಿ, ಬರಿಮೈಯಲ್ಲಿ ಔಷಧ ಹೊಡೆಯುವವರಿಗೆ ಬೇಕಾದದ್ದು ಕೈಗವಸು, ಮುಖಕ್ಕೆ ಬಟ್ಟೆ, ಮನೆಗೆ ಬಂದ ಕೂಡಲೇ ಸ್ನಾನ. ಒಳಗೆ ಸೇರಿದ್ದನ್ನು ಹೊರಹಾಕಲು ಯಕೃತ್ತೂ ಮೂತ್ರಪಿಂಡವೂ ಹಗಲಿರುಳು ಕಾಯಕ ಮಾಡುತ್ತಿವೆ.

ಪ್ರಯೋಜನವಿಲ್ಲದಿದ್ದರೂ ಅಪಾಯವಿಲ್ಲವಲ್ಲ ಎಂದು ಕೆಲವರು ವಾದಿಸುತ್ತಾರೆ. ಹಾಗೆ ಹೇಳುವಂತಿಲ್ಲ. ಓಕರಿಕೆ, ಎದೆಯುರಿ, ಮೈತುರಿಕೆ ಸಾಮಾನ್ಯ. ಸಕ್ಕರೆಯ ಮಾತ್ರೆ ಅಥವಾ ಇನ್ಸುಲಿನ್ ಜೊತೆ ಸೇರಿದಾಗ ರಕ್ತದ ಸಕ್ಕರೆ ಅತಿಯಾಗಿ ಇಳಿಯಬಹುದು. ಅಪರೂಪವಾಗಿ, ಕೆಲವು ಆನುವಂಶಿಕ ಗುಣವಿರುವವರಲ್ಲಿ ಇದು ದೇಹವು ತನ್ನದೇ ಇನ್ಸುಲಿನ್ ವಿರುದ್ಧ ತಿರುಗಿಬೀಳುವ ಕಾಯಿಲೆಯನ್ನು ಹುಟ್ಟಿಸಿ, ಮಧುಮೇಹವೇ ಇಲ್ಲದವರಿಗೂ ಬೆವರು, ನಡುಕ, ಮೂರ್ಛೆ ತರುತ್ತದೆ. ಮೊದಲು ಜಪಾನಿನಲ್ಲಿ, ಆಮೇಲೆ ಯುರೋಪಿನಲ್ಲಿ ಇಂಥ ಪ್ರಕರಣಗಳು ವರದಿಯಾದುವು. ಯುರೋಪಿನ ಆಹಾರ ಸುರಕ್ಷತಾ ಸಂಸ್ಥೆ 2021ರಲ್ಲಿ ಈ ಅಪಾಯವನ್ನು ಒಪ್ಪಿಕೊಂಡು, ಯಾರಿಗೆ ಹೀಗಾಗುತ್ತದೆಂದು ಆನುವಂಶಿಕ ಪರೀಕ್ಷೆಯಿಲ್ಲದೆ ಮೊದಲೇ ತಿಳಿಯಲಾಗದು ಎಂದಿತು. ಥೈರಾಯಿಡ್ ಮಾತ್ರೆ ಸೇವಿಸುವವರು, ಮದ್ಯಪಾನದ ಅಭ್ಯಾಸವಿರುವವರು, ಗರ್ಭಿಣಿಯರು ವೈದ್ಯರನ್ನು ಕೇಳದೆ ಇದನ್ನು ಮುಟ್ಟಬಾರದು. ಮಕ್ಕಳ ಕೈಗೆ ಡಬ್ಬಿ ಸಿಗದಂತೆ ಇಡಬೇಕು. ಹೆಚ್ಚು ಗುಳಿಗೆ ನುಂಗಿದ ಮಕ್ಕಳಿಗೆ ಅಪಸ್ಮಾರದಂತಹ ಸೆಳೆತ ಬಂದ ನಿದರ್ಶನಗಳಿವೆ. ಎಲ್ಲಕ್ಕಿಂತ ದೊಡ್ಡ ಅಪಾಯವೆಂದರೆ ‘ಇದೊಂದಿದ್ದರೆ ಸಾಕು’ ಎಂಬ ಮಾತು ಕೇಳಿ ಸಕ್ಕರೆಯ ಮಾತ್ರೆಯನ್ನು ನಿಲ್ಲಿಸುವುದು.

ಶ್ರೀಮಠದ ಭಕ್ತರು ತಿಳಿದಿರಬೇಕಾದ ಇನ್ನೂ ಒಂದು ಸಂಗತಿ: ಕ್ಯಾಪ್ಸೂಲಿನ ಹೊರಕವಚ ಬಹುತೇಕ ಜೆಲಟಿನ್‌ನಿಂದ ತಯಾರಾಗುತ್ತದೆ, ಜೆಲಟಿನ್ ಪ್ರಾಣಿಗಳ ಮೂಳೆ ಮತ್ತು ಚರ್ಮದಿಂದ ಬರುತ್ತದೆ. ಸಸ್ಯಮೂಲದ ಕವಚವೂ ಇದೆ. ಆಹಾರಪೂರಕವಾಗಿ ಮಾರುವ ಡಬ್ಬಿಯ ಮೇಲೆ ಸಸ್ಯಾಹಾರದ ಹಸಿರು ಗುರುತು ಇರಲೇಬೇಕು, ಇಲ್ಲವೆ ಮಾಂಸಾಹಾರದ ಗುರುತು, ನೋಡಿ ಕೊಳ್ಳಬಹುದು. ಅದೇ ಡಬ್ಬಿಯ ಮೇಲೆ ‘ಔಷಧೀಯ ಬಳಕೆಗಲ್ಲ’ ಎಂಬ ಅರ್ಥದ ಸಾಲೊಂದು ಸಣ್ಣ ಇಂಗ್ಲಿಷ್ ಅಕ್ಷರಗಳಲ್ಲಿರುತ್ತದೆ. ಕಾನೂನು ಹಾಗೆ ಬರೆಸುತ್ತದೆ. ಅದನ್ನು ಮಕ್ಕಳಿಂದ ಓದಿಸಿ ಕೇಳಬೇಕು.

ಪಾದಪರೀಕ್ಷೆಯನ್ನು ಮನೆಯಲ್ಲಿಯೇ ಮಾಡಬಹುದು. ಹಿರಿಯರನ್ನು ಮಲಗಿಸಿ, ಕಣ್ಣು ಮುಚ್ಚಿಕೊಳ್ಳಲು ಹೇಳಿ, ಎರಡೂ ಪಾದಗಳ ಹೆಬ್ಬೆರಳು, ನಡುಬೆರಳು, ಕಿರುಬೆರಳಿನ ತುದಿಯನ್ನು ತೋರುಬೆರಳಿನಿಂದ ಒಂದೆರಡು ಕ್ಷಣ ಹಗುರವಾಗಿ ಮುಟ್ಟಬೇಕು. ಒತ್ತಬಾರದು, ಉಜ್ಜಬಾರದು. ಮುಟ್ಟಿದ್ದು ತಿಳಿದಾಗ ಅವರು ಹೇಳಬೇಕು. ಆರರಲ್ಲಿ ಎರಡು ಅಥವಾ ಹೆಚ್ಚು ಕಡೆ ತಿಳಿಯದೆ ಹೋದರೆ ಆ ಪಾದಕ್ಕೆ ಸಂವೇದನೆ ಕುಂದಿದೆ ಎಂದು ತಿಳಿದು ಕೂಡಲೇ ವೈದ್ಯರಲ್ಲಿಗೆ ಕರೆದೊಯ್ಯಬೇಕು. ಉರಿಯುವ ಪಾದಕ್ಕಿಂತ ಏನೂ ತಿಳಿಯದ ಪಾದವೇ ಹೆಚ್ಚು ಅಪಾಯದ್ದು. ಮುಳ್ಳು ಚುಚ್ಚಿದ್ದೂ ತಿಳಿಯದು, ಹುಣ್ಣಾದದ್ದೂ ತಿಳಿಯದು. ಅಂಥವರು ತೋಟ, ಹೊಲಗಳಲ್ಲಿ ಬರಿಗಾಲಿನಲ್ಲಿ ತಿರುಗಬಾರದು, ಉರಿಯೆಂದು ಬಿಸಿನೀರಿನಲ್ಲಿ ಕಾಲಿಡಬಾರದು, ರಾತ್ರಿ ಮಲಗುವ ಮೊದಲು ಅಂಗಾಲನ್ನು ಮನೆಯವರಿಂದ ನೋಡಿಸಿಕೊಳ್ಳಬೇಕು. ಬೇಸಿಗೆಯಲ್ಲಿ ಬರಿಗಾಲಿನ ಪಾದಯಾತ್ರೆಯನ್ನೂ ವೀರಭದ್ರಸ್ವಾಮಿಯ ಕೆಂಡದಾರ್ಚನೆಯಲ್ಲಿ ಕೆಂಡ ಹಾಯುವುದನ್ನೂ ಅವರು ಬಿಡಬೇಕೆಂದು ಭಕ್ತಿಪೂರ್ವಕವಾಗಿಯೇ ವಿನಂತಿಸುತ್ತೇನೆ. ಹರಕೆಯನ್ನು ಬೇರೆ ಸೇವೆಯಿಂದ ತೀರಿಸಲು ಪೂಜ್ಯರು ಅನುಮತಿ ನೀಡದಿರಲಾರರು.

ಕೊನೆಯದಾಗಿ ಊರಿನ ಹಿರಿಯರಲ್ಲಿ ಒಂದು ಕೋರಿಕೆ. ಮೇಲೆ ಹೇಳಿದ ಕಡ್ಡಿ ಹಿಡಿಸುವ ಶಿಬಿರಗಳು ಹಲವೆಡೆ ಗುಡಿಯ ಅಂಗಳದಲ್ಲಿ, ಸಮುದಾಯ ಭವನದಲ್ಲಿ, ಕೆಲವೊಮ್ಮೆ ಪೂಜ್ಯರ ಭಾವಚಿತ್ರದ ಕೆಳಗೆಯೇ ನಡೆಯುತ್ತವೆ. ಬಡವರು ನಂಬುವುದು ಯಂತ್ರವನ್ನಲ್ಲ, ಆ ಜಾಗವನ್ನು. ಬಸವಾದಿ ಶರಣರ ಬಳಗದಲ್ಲಿ ವೈದ್ಯ ಸಂಗಣ್ಣನವರೂ ಇದ್ದರು. ವೈದ್ಯವೃತ್ತಿಯನ್ನು ಕಾಯಕವೆಂದೇ ನಡೆಸಿದ ಪರಂಪರೆ ನಮ್ಮದು. ಭವನವನ್ನು ಕೇಳಿಕೊಂಡು ಬಂದವರಲ್ಲಿ ನೋಂದಾಯಿತ ವೈದ್ಯರು ಯಾರು, ಶಿಬಿರದಲ್ಲಿ ಏನನ್ನಾದರೂ ಮಾರುತ್ತೀರಾ ಎಂದು ಸಮಿತಿಯವರು ಕೇಳಬೇಕು. ಮಾರುವುದಿದ್ದರೆ ಬೀಗದ ಕೈ ಕೊಡಬಾರದು. ಆ ದಿನ ಅದೇ ಭವನದಲ್ಲಿ ತಾಲ್ಲೂಕು ಆಸ್ಪತ್ರೆಯವರನ್ನು ಕರೆಸಿ ಸಕ್ಕರೆ ಪರೀಕ್ಷೆ ಮಾಡಿಸಿ, ಮೆಟ್‌ಫಾರ್ಮಿನ್ ಸೇವಿಸುವವರ ಪಟ್ಟಿ ಬರೆದುಕೊಂಡು, ಅವರ ಬಿ12 ಪರೀಕ್ಷೆಯ ವೆಚ್ಚವನ್ನು ಊರಿನ ದಾಸೋಹ ಸಮಿತಿ ವಹಿಸಿಕೊಳ್ಳಬಹುದು. ಒಂದು ‘ಡಿಟಾಕ್ಸ್’ ಡಬ್ಬಿಗೆ ತೆರುವ ಹಣದಲ್ಲಿ ಒಂದಕ್ಕಿಂತ ಹೆಚ್ಚು ಜನರ ಪರೀಕ್ಷೆ ಮುಗಿಯುತ್ತದೆ.